ಗುರುವಾರದ ದನಿ

ವಾಸ್ಕೋದ ನಮ್ಮ ಶಾಲೆಯ ಕಿಟಕಿ ಸರಳಿಗೆ
ಬೆಳಿಗ್ಗೆ ಒರೆಸಿದರೂ ಮಧ್ಯಾಹ್ನಕ್ಕೆ ಮತ್ತೆ ಕಲ್ಲಿದ್ದಲ ಪುಡಿ.
ಬಂದರಿನ ಗಾಳಿ. ಅದಕ್ಕೆ ಯಾರೂ ಬೈಯುವುದಿಲ್ಲ.

ಬೈಗುಳವೆಲ್ಲ ಭಾಗೀರಥಿಗೆ.
ನಾಲ್ಕನೇ ಇಯತ್ತೆ, ಎರಡನೇ ಸಲ.
ಹಲಗೆಯಿಂದ ಒಂದು ಸಾಲು ಇಳಿಸಿಕೊಳ್ಳುವಷ್ಟರಲ್ಲಿ
ಊಟದ ಗಂಟೆ.
ಪ ತೋರಿಸಿದರೆ ವ ಎನ್ನುವಳು, ವ ತೋರಿಸಿದರೆ ಮ.
ಒತ್ತಕ್ಷರಗಳು ಜಾರಿ
ಕೆಳಗಿನ ಸಾಲಿನ ತಲೆಯ ಮೇಲೆ ಬೀಳುತ್ತವಂತೆ.
ಅವಳೇ ಹೇಳಿದ್ದು. ನಾನು ನಂಬಿರಲಿಲ್ಲ.
ನಂಬದ ಕೈಯಲ್ಲಿ ಆಗ ಸ್ಕೇಲು ಇತ್ತು.

ಅವಳ ಹೆಸರೇ ಅವಳಿಗೆ ವೈರಿ:
ಭ-ದ ಬುಡಕ್ಕೊಂದು ಸೀಳು,
ಥ-ದ ಹೊಟ್ಟೆಯೊಳಗೊಂದು ಚುಕ್ಕಿ.
ಅಜ್ಜಿಯ ಹೆಸರು, ಬದಲಿಸುವಂತಿಲ್ಲ.

ಮಡಗಾಂವ್‌ನಿಂದ ಗುರುವಾರಕ್ಕೊಮ್ಮೆ
ಉರ್ಸುಲಾ ಟೀಚರ್ ಬರುತ್ತಾರೆ. ಕನ್ನಡ ಬಾರದು.
ಬ್ಯಾಗಿನಲ್ಲಿ ಟ್ಯಾಬು, ಮೂಲೆ ಒಡೆದದ್ದು.
ಪಾಠದ ಪುಟಕ್ಕೆ ಹಿಡಿದರೆ ಅಕ್ಷರ ದಪ್ಪ,
ನಡುವೆ ಉಸಿರಾಡುವಷ್ಟು ಜಾಗ,
ಪದದಿಂದ ಪದಕ್ಕೆ ಕಾಲಿಡುವ ಹಳದಿ ಪಟ್ಟಿ,
ಜೊತೆಗೊಬ್ಬ ಹೆಂಗಸಿನ ದನಿ:
ಕೆಮ್ಮಿಲ್ಲ, ಉಗುಳು ನುಂಗುವುದಿಲ್ಲ.
‘ಅಜ್ಜಿ ಸತ್ತಳು’ ಎಂಬುದನ್ನೂ
ರೈಲಿನ ವೇಳೆ ಹೇಳಿದಂತೆ ಹೇಳಿಬಿಟ್ಟಿತು.
ನಾನು ಮುಖ ಸಿಂಡರಿಸಿದೆ.
ಭಾಗೀರಥಿ ‘ಮತ್ತೊಮ್ಮೆ’ ಒತ್ತಿದಳು.
ಮತ್ತೊಮ್ಮೆ. ಮತ್ತೊಮ್ಮೆ.
ಹನ್ನೊಂದನೇ ಸಲವೂ ಅದೇ ದನಿ, ಒಂಚೂರೂ ಏರದೆ.
ನಾನು ಮೂರನೆಯದಕ್ಕೇ ಏರುತ್ತಿದ್ದೆ.

ಆಮೇಲೆ ಅವಳು ಬರೆದದ್ದನ್ನು ಓದಿಸಿದೆವು.
ತಡವಿ ತಡವಿ ಒತ್ತಿದಳು ತನ್ನ ಹೆಸರು.
ಸೀಳಿಲ್ಲ, ಚುಕ್ಕಿಯಿಲ್ಲ.
‘ಬಾಗೀರತಿ’ ಎಂದಿತು ಟ್ಯಾಬು.
ತಿದ್ದಲು ಬಾಯಿ ತೆರೆದೆ.
ಅವಳು ಬೆಂಚಿನಿಂದ ಎದ್ದೇ ನಿಂತಳು:
‘ನಮ್ಮವ್ವ ಹಿಂಗ ಕರೀತಾಳ್ರೀ!
ತೇಟ್ ಹಿಂಗ!’

ಬಾಯ್ನಾದ ಓಣಿಯಲ್ಲಿ ಸಂಜೆ
ಮೀನಿನ ಧಕ್ಕೆಯಿಂದ ಬುಟ್ಟಿ ಹೊತ್ತು ಬಂದ ತಾಯಿ
ರೋಣದ ಮಾತಿನಲ್ಲಿ,
ಮಹಾಪ್ರಾಣಕ್ಕೆ ಉಸಿರು ಉಳಿಯದ ಹೊತ್ತಿನಲ್ಲಿ
ಕೂಗುವ ಹೆಸರು.
ಐದು ವರ್ಷ ಅವಳು ಕೇಳಿದ್ದನ್ನೇ ಬರೆದಿದ್ದಳು.
ಐದು ವರ್ಷ ನನ್ನ ಕೆಂಪು ಶಾಯಿ
ಅವಳ ಅವ್ವನನ್ನು ಹೊಡೆದು ಹಾಕಿತ್ತು.

‘ಕಿತೆಂ ಜಾಲೆಂ?’ ಅಂದರು ಉರ್ಸುಲಾ ಟೀಚರ್.
ಹೇಳಲು ಹೋದೆ, ಕೊಂಕಣಿ ಸಿಗಲಿಲ್ಲ.
ಟ್ಯಾಬು ಬ್ಯಾಗಿಗೆ ಹೋಯಿತು.

ಚುಕ್ಕಿ ಇಡುವುದನ್ನು ಕಲಿಸಲೇಬೇಕು,
ಪರೀಕ್ಷೆ ಬಿಡುವುದಿಲ್ಲ.
ಸದ್ಯಕ್ಕೆ, ಶುಕ್ರವಾರದಿಂದ ಬುಧವಾರದವರೆಗೆ,
ಒಂದೇ ಸಾಲನ್ನು ಹನ್ನೊಂದು ಸಲ
ಒಂದೇ ದನಿಯಲ್ಲಿ ಓದಿ ಹೇಳುವುದನ್ನು
ನಾನು ರೂಢಿ ಮಾಡಿಕೊಳ್ಳುತ್ತಿದ್ದೇನೆ.
ನಿನ್ನೆ ಏಳರವರೆಗೆ ಬಂದೆ.