ಮೂವತ್ತೆರಡು ಮಗ್ಗ

ನೆಲದಲ್ಲಿ ನಾಲ್ಕು ತೂತು, ಒಂದು ಮಾರು ಬಿಟ್ಟು ಮತ್ತೆ ನಾಲ್ಕು.
ಬೋಲ್ಟು ಕಿತ್ತ ಗುರುತು. ಎಣ್ಣೆ ಕುಡಿದು ಕಪ್ಪಾದ ಹಲಗೆ.
ಮಗ್ಗ ನಿಂತಿದ್ದಲ್ಲೆಲ್ಲ ಒಂದೊಂದು ಸ್ಪೀಕರು ಕೂರಿಸಿದೆ,
ಒಟ್ಟು ಮೂವತ್ತೆರಡು.
ಮಾರ್ಚಿಯ ಕೊನೆ. ನಾರ್ವಾ ನದಿಯ ದಡದ ಹಳೆ ಗಿರಣಿ.
ಬೆರಳು ಕತ್ತರಿಸಿದ ಕೈಗವಸು ತೊಟ್ಟು
ಕೇಬಲ್ಲು ಹಾಸಿದೆ ಉದ್ದಕ್ಕೆ, ಹೊಕ್ಕು ಹೊಡೆದೆ ಅಡ್ಡಕ್ಕೆ.
ಕಿಟಕಿಯಾಚೆ ನೀರು, ನೀರಿನಾಚೆ ಇನ್ನೊಂದು ದೇಶ.
ಅಲ್ಲಿ ನಾಯಿ ಬೊಗಳಿದರೂ ನನ್ನ ಮೈಕಿಗೆ ಬಂತು,
ಯಾರಿಗೂ ಪಾಸ್‌ಪೋರ್ಟು ತೋರಿಸದೆ.

ಒಂದು ಮೀಟರು ನಡೆಯಲು ಸದ್ದಿಗೆ ಮೂರು ಮಿಲಿಸೆಕೆಂಡು.
ಗೋಡೆಗೆ ತಾಗಿ ಬರುವುದಕ್ಕೆ ಇನ್ನಷ್ಟು.
ಲೆಕ್ಕ ಹಾಕಿದೆ, ತಪ್ಪಿದೆ, ಮತ್ತೆ ಹಾಕಿದೆ.
ಓಡುವ ಮಗ್ಗ ಉಳಿದಿದ್ದು ಲೊಡ್ಜ್ ಊರಿನ ಒಂದು ಶೆಡ್ಡಿನಲ್ಲಿ;
ಎರಡು ಬಸ್ಸು ಹಿಡಿದು ಹೋಗಿ ಅದರ ದನಿ ತಂದಿದ್ದೆ,
ಆರು ಮೈಕು ಇಟ್ಟು, ಉಸಿರು ಹಿಡಿದು.

ಬಾಗಿಲು ತೆಗೆಯಲು ನಾಲ್ಕು ದಿನ ಉಳಿದಿರುವಾಗ
ರಾಯಿಸಾ ಯೆಗೋರೊವ್ನಾ ಬಂದಳು.
ಇಪ್ಪತ್ತೊಂಬತ್ತು ವರ್ಷ ಇದೇ ಅಂತಸ್ತಿನಲ್ಲಿ ನೇಯ್ದವಳು.
ಕಿವಿ ಕೊಟ್ಟು ಕೇಳಿ ಎಂದೆ, ನನ್ನ ಶಾಲೆಯ ಮುರುಕು ರಷ್ಯನ್ನಿನಲ್ಲಿ.
ನಕ್ಕಳು. "ಕಿವಿ ಕೊಟ್ಟಾಯಿತಲ್ಲ, ಈ ಗಿರಣಿಗೇ.
ಅದು ವಾಪಸು ಕೊಡಲಿಲ್ಲ."

ಬೂಟು ಕಳಚಿದಳು. ಉಣ್ಣೆಯ ಕಾಲುಚೀಲ ಕಳಚಿದಳು.
ಆ ಚಳಿಯ ಹಲಗೆಯ ಮೇಲೆ ಬರಿಗಾಲಲ್ಲಿ ನಿಂತು
ಶುರು ಮಾಡು ಎಂದು ಗಲ್ಲ ಎತ್ತಿದಳು.

ಮೂವತ್ತೆರಡೂ ಎದ್ದವು.
ಲಾಳಿ ಹೋಯಿತು, ಬಂತು. ಎದೆಯ ಗೂಡು ನಡುಗಿತು.
ಗಾಜಿನ ಚೂರೊಂದು ಕಿಟಕಿಯಿಂದ ಉದುರಿತು.
ನನಗೋ, ಕಣ್ಣು ತುಂಬಿ ಬಂದಿತ್ತು, ಹೆಮ್ಮೆಗೆ.
ಅವಳು ಕೈ ಬೀಸಿದಳು: ಸಾಕು.
"ಒಂದೇ ಮಗ್ಗ ಇದು, ಮಗಳೇ.
ಒಂದೇ ಮಗ್ಗ ಮೂವತ್ತೆರಡು ಬಾಯಲ್ಲಿ ಸುಳ್ಳು ಹೇಳುತ್ತಿದೆ."

ಆಮೇಲೆ ನಡೆದಳು, ಗುರುತಿನಿಂದ ಗುರುತಿಗೆ.
ಪ್ರತಿ ತೂತಿನ ಬಳಿ ನಿಂತು ತೊಡೆಯ ಮೇಲೆ ತಟ್ಟಿ ತೋರಿಸಿದಳು.
ಇದು ಅವಸರದ್ದು, ಬಸುರಿ ಬೆಕ್ಕಿನ ಹಾಗೆ ಸಿಡುಕು.
ಇದು ಸೋಮವಾರ ಮಾತ್ರ ನೆಟ್ಟಗೆ.
ಇದು ಹತ್ತು ಹೊಡೆತಕ್ಕೊಮ್ಮೆ ಕುಂಟುತ್ತಿತ್ತು,
ಆ ಕುಂಟಿಗೇ ನಾವು ನಡುವು ಬಗ್ಗಿಸುತ್ತಿದ್ದೆವು, ಅಭ್ಯಾಸ.
ನಾನು ಅವಳ ಹಿಂದೆ ಮೊಣಕಾಲಲ್ಲಿ, ಲ್ಯಾಪ್‌ಟಾಪು ಎಳೆಯುತ್ತ,
ಒಂದೊಂದೇ ಎಳೆ ಬಿಚ್ಚಿ, ತಡ ಮಾಡಿಸಿ, ತುಂಡರಿಸಿ,
ಕುಂಟನ್ನು ಕಲಿಸುತ್ತ ಹೋದೆ ಯಂತ್ರಕ್ಕೆ.
ಹೊರಗೆ ಕತ್ತಲಾಯಿತು. ಅವಳ ಪಾದ ನೀಲಿಯಾಯಿತು.
ಚಹಾ ಬೇಡ ಎಂದಳು.

ಹದಿನೇಳನೆಯದರ ಬಳಿ ಸುಮ್ಮನೆ ನಿಂತಳು.
ಇದೇನೋ ದುಃಖದ ಜಾಗ ಅಂದುಕೊಂಡೆ, ತಲೆ ತಗ್ಗಿಸಿದೆ.
"ಇದು ಯಾವತ್ತೂ ಓಡಲೇ ಇಲ್ಲ," ಅಂದಳು.
"ಸದಾ ರಿಪೇರಿ. ಇದರ ಕೆಳಗೆ ಮೆಕ್ಯಾನಿಕ್ಕು
ತೋಳು ದಿಂಬು ಮಾಡಿ ನಿದ್ದೆ ಹೊಡೆಯುತ್ತಿದ್ದ."
ಆ ಚಾನೆಲ್ಲಿನ ಸದ್ದು ಪೂರ್ತಿ ತೆಗೆದೆ.
ಸ್ಪೀಕರು ಅಲ್ಲೇ ಉಳಿಯಿತು, ಹಸಿರು ದೀಪ ಉರಿಸಿಕೊಂಡು.

ಶನಿವಾರ ಜನ ಬಂದರು. ತಾಲಿನ್ನಿನಿಂದ ಎರಡು ಬಸ್ಸು.
ಕಣ್ಣು ಮುಚ್ಚಿ ನಿಂತರು ಕೆಲವರು, ಫೋನು ಎತ್ತಿ ಹಲವರು.
ನಗರಸಭೆಯ ಒಬ್ಬಾತ ನನ್ನ ತೋಳು ಹಿಡಿದು
ಕಿವಿಯಲ್ಲಿ ಕಿರುಚಿದ: ಅಗೋ, ಅದೊಂದು ಕೆಟ್ಟಿದೆ.
ಹೌದು ಎಂದೆ.

ಆಗ ನೋಡಿದೆ. ಈ ತುದಿಯಲ್ಲಿ ರಾಯಿಸಾ,
ಅರವತ್ತು ಹೆಜ್ಜೆ ಆಚೆ, ಇನ್ನೊಂದು ತುದಿಯಲ್ಲಿ,
ತಲೆಗೆ ವಸ್ತ್ರ ಕಟ್ಟಿದ ಮೂವರು ಮುದುಕಿಯರು.
ಯಾರ ಮಾತೂ ಯಾರಿಗೂ ಕೇಳದ ಆ ಗದ್ದಲದ ನಡುವೆ
ಅವರು ಹರಟುತ್ತಿದ್ದರು.
ತುಟಿ ಅಷ್ಟೇ ಆಡುತ್ತಿತ್ತು, ಅಗಲವಾಗಿ, ನಿಧಾನವಾಗಿ,
ಪಾಳಿಯ ಉದ್ದಕ್ಕೂ ಹಿಂದೆ ಆಡಿದ ಹಾಗೆ.
ನಗರಸಭೆಯವನನ್ನು ತೋರಿಸಿ ಏನೋ ಅಂದಳು ಒಬ್ಬಳು.
ನಾಲ್ವರೂ ಹೊಟ್ಟೆ ಹಿಡಿದು ನಕ್ಕರು.

ಮೂವತ್ತೆರಡು ದಾರಿ ಹಾಸಿದ್ದೆ ಆ ಕೋಣೆಗೆ.
ಏನಂದಳೋ, ನನಗೆ ತಿಳಿಯಲಿಲ್ಲ.