ಬಲಗಡೆ ಕೂರುವವನು

ಕ್ಯಾಡಿಲಾಕ್ ಓಡಿಸಿದವನಲ್ಲ ನಾನು, ಸ್ವಾಮಿ.
ಅದರ ಬಲಗಡೆ ಕೂತವನು.
ಅಮೆರಿಕದ ಗಾಡಿಗೆ ಸ್ಟೇರಿಂಗು ಎಡಕ್ಕೆ;
ಬನ್ನೂರು ರಸ್ತೆಯಲ್ಲಿ ಕಬ್ಬಿನ ಲಾರಿ ಅಡ್ಡ ಸಿಕ್ಕರೆ
ಪ್ಯಾರೇಜಾನ್ ಮಾಮನಿಗೆ ಮುಂದಿನದೇನೂ ಕಾಣದು.
ನಾನು ಕಿಟಕಿಯಾಚೆ ಕತ್ತು ಚಾಚಿ
ಬಾ, ಬಾ, ಬಾ... ತಡಿ, ಬಸ್ಸು! ಅನ್ನಬೇಕು.
ಹತ್ತೊಂಬತ್ತು ವರ್ಷ ಇದೇ ನನ್ನ ಉದ್ಯೋಗ.

ಮಂಡಿ ಮೊಹಲ್ಲಾದ ಶೆಡ್ಡು ಅದಕ್ಕೆ ಸಾಲದು,
ಬಾಲದ ರೆಕ್ಕೆ ಎರಡೂ ಓಣಿಗೆ ಚಾಚಿ
ರಾತ್ರಿ ನಡುವೆ ಮೇಕೆ ಹತ್ತಿ ಮಲಗುತ್ತಿತ್ತು.
ಬೆಳಿಗ್ಗೆ ಸೀಮೆಎಣ್ಣೆ, ಹಳೇ ಪಂಚೆ,
ಬಂಪರಿನಲ್ಲಿ ನನ್ನ ಹಲ್ಲು ಕಾಣುವ ತನಕ ತಿಕ್ಕುವುದು.
ಲೀಟರಿಗೆ ಮೂರು ಕಿಲೋಮೀಟರು. ಅದೂ ಇಳಿಜಾರಿನಲ್ಲಿ.

ಆದರೂ ಮದುವೆ ಅಂದರೆ ನಮ್ಮದೇ.
ಹೆಣ್ಣಿನ ಕಡೆಯವರು ಗಾಡಿ ನೋಡಲು ಬಂದು
ಮೊದಲು ಡಿಕ್ಕಿ ತೆಗೆಸುತ್ತಿದ್ದರು;
ಎಂಟು ಮೂಟೆ ಅಕ್ಕಿ ಹಿಡಿಯುತ್ತೆ ಅಂತ ಮಾಮ ಹೇಳಿದರೆ
ಒಂದು ಸೇರೂ ತರದವರು ತಲೆದೂಗುತ್ತಿದ್ದರು.
ದೊಡ್ಡದು ಅಂದರೆ ದೊಡ್ಡಸ್ತಿಕೆ ಅಂತಲೇ ಇದ್ದ ಕಾಲ.

ಆಮೇಲೆ ಬೆಲ್ಲದ ಮಂಡಿ ಶಿವಮಲ್ಲು
ಮಂಡ್ಯದಿಂದ ಮೂರು ಜರ್ಮನ್ ಗಾಡಿ ತಂದು ಇಳಿಸಿದ.
ಬೆಂಜು, ಬಿಎಂಡಬ್ಲ್ಯು, ಸೂರು ತೆರೆಯುವ ಆಡಿ.
ಸದ್ದಿಲ್ಲ, ಹೊಗೆಯಿಲ್ಲ, ಬಾಗಿಲು ಹಾಕಿದರೆ
ತುಪ್ಪದ ಡಬ್ಬಿ ಮುಚ್ಚಿದ ಹಾಗೆ ಮೆತ್ತಗೆ ಒಂದು ಪುಸ್.
ಹುಡುಗಿ ಸೂರಿನಿಂದ ಮೇಲೆದ್ದು ಕೈ ಬೀಸಬೇಕು,
ಮೇಲಿಂದ ಡ್ರೋನು ಅದನ್ನು ಹಿಡಿಯಬೇಕು.
ಮಾಮನೂ ಪೈಪೋಟಿಗೆ ಬಿದ್ದ.
ಸೀಟಿಗೆ ಕೆಂಪು ವೆಲ್ವೆಟ್ಟು, ಇಟ್ಟಿಗೆಗೂಡಿನಿಂದ ಹಳೇ ಎಸಿ,
ಬಾಡಿಗೆ ಇಳಿಸಿದ, ಮೈಸೂರ್‌ಪಾಕು ಉಚಿತ ಅಂದ.
ಎಸಿ ಹಾಕಿದರೆ ಎಂಜಿನ್ನು ಕುದಿಯುತ್ತಿತ್ತು.
ಒಂದು ಮೆರವಣಿಗೆಯಲ್ಲಿ, ಹಾರ್ಡಿಂಜ್ ಸರ್ಕಲ್ಲಿನಲ್ಲಿ,
ಗಂಡೇ ಇಳಿದು ತಳ್ಳಿದ. ಬಾಸಿಂಗ ಸಮೇತ.

ಗೋಕುಲಂನಲ್ಲಿ ರಿಪೇರಿಗೆ ನಿಲ್ಲಿಸಿದ್ದಾಗ
ಯೋಗ ಕಲಿಯಲು ಬಂದಿದ್ದ ಒಬ್ಬ ಬಿಳೀ ಅಜ್ಜಿ
ಎಳನೀರು ಕುಡಿಯುತ್ತಿದ್ದವಳು ಹಾಗೇ ನಿಂತಳು.
ಡೆಟ್ರಾಯಿಟ್ಟಿನವಳಂತೆ. ಅಪ್ಪ ಕ್ಯಾಡಿಲಾಕ್ ಕಾರ್ಖಾನೆಯಲ್ಲಿ
ಬಾಗಿಲು ಕೂರಿಸುತ್ತಿದ್ದನಂತೆ.
ನಮ್ಮ ಬಾಗಿಲ ಮೇಲೆ ಅಂಗೈ ಇಟ್ಟಳು, ಜ್ವರ ನೋಡುವ ಹಾಗೆ.
ನಿವೃತ್ತಿಯಾಗಿ ಆ ಅಪ್ಪ ಕೊಂಡದ್ದು ಮಾತ್ರ ಜಪಾನಿನ ಕಾರು;
ಹಳೇ ಜೊತೆಗಾರರ ಕಣ್ಣಿಗೆ ಬೀಳದಿರಲೆಂದು
ಎರಡು ಬೀದಿ ಆಚೆ ನಿಲ್ಲಿಸಿ ನಡೆದು ಬರುತ್ತಿದ್ದನಂತೆ.
ಹಾಳಾದ್ದು, ಕೆಡೋದೇ ಇಲ್ಲ, ಅಂತ ಬೈಯುತ್ತಿದ್ದನಂತೆ.
ಇಷ್ಟನ್ನೂ ಎಳನೀರಿನ ಹುಡುಗ ಬಿಡಿಸಿ ಹೇಳಿದ.
ಮಾಮ ಕೇಳಿದ್ದು ಒಂದೇ:
ಅಲ್ಲಿಂದ ಒಂದು ರೇಡಿಯೇಟರ್ ಕಳಿಸ್ತಾರಾ, ಕೇಳು.

ಕೊನೆಗೆ ಗಾಡಿ ಕೊಂಡವನು ಶಿವಮಲ್ಲುವೇ.
ಓಡಿಸುವುದಕ್ಕಲ್ಲ,
ಹೆದ್ದಾರಿ ಪಕ್ಕದ ತನ್ನ ಛತ್ರದಲ್ಲಿ ನಿಲ್ಲಿಸುವುದಕ್ಕೆ.
ಎಂಜಿನ್ನು ಕಳಚಿ ತೂಕಕ್ಕೆ ಹಾಕಿ
ಆ ಗುಂಡಿಯೊಳಗೆ ಬಣ್ಣದ ಲೈಟು ಬಿಟ್ಟ.
ಫೋಟೋಕ್ಕೆ ಅರ್ಧ ಗಂಟೆ, ಐದು ಸಾವಿರ.
ಜರ್ಮನ್ನು ಮೂರೂ ಹಗಲೆಲ್ಲ ಓಡಿ ತರುವುದಕ್ಕಿಂತ
ನಿಂತಲ್ಲೇ ನಿಂತು ಇದು ಹೆಚ್ಚು ತರುತ್ತದೆ.
ಗೆದ್ದಿತು ಅನ್ನಬೇಕೋ ಏನೋ.
ಮಾಮ ಒಮ್ಮೆ ಬಂದ. ಬಾನೆಟ್ಟು ಎತ್ತಿಸಲಿಲ್ಲ.
ಟೀ ಕುಡಿದು ಬಸ್ಸಿನಲ್ಲಿ ಹೋದ.

ನನ್ನನ್ನು ಗಾಡಿಯ ಜೊತೆಗೇ ಇಟ್ಟುಕೊಂಡಿದ್ದಾರೆ,
ಟೋಪಿ ಕೊಟ್ಟಿದ್ದಾರೆ.
ಮದುವೆಗೆ ಬಂದ ಮಕ್ಕಳು ಎಡಕ್ಕೆ ಹತ್ತಿ
ಸ್ಟೇರಿಂಗು ಹಿಡಿದು ಡುರ್ ಅನ್ನುತ್ತವೆ.
ನಾನು ಬಲಗಡೆ ಕೂತು ಕತ್ತು ಚಾಚುತ್ತೇನೆ.
ಎದುರಿಗೆ ಗೋಡೆ, ಗೋಡೆಯ ಮೇಲೆ ಹೂವಿನಲ್ಲಿ ವಧೂವರರ ಹೆಸರು.
ಬಾ, ಬಾ, ಬಾ, ಮಗೂ...
ತಡಿ. ಬಸ್ಸು.