ಏನನ್ನೂ ಮಾಡದ ಕ್ರೀಮು

ಏಳನೆಯದೂ ಒಡೆಯಿತು.
ಬೆಳಿಗ್ಗೆ ನೋಡಿದರೆ ತಳದಲ್ಲಿ ನೀರು, ಮೇಲೆ ಎಣ್ಣೆ,
ಜಗಳವಾಡಿ ಮುಖ ತಿರುಗಿಸಿ ಮಲಗಿದ ಗಂಡಹೆಂಡಿರ ಹಾಗೆ.
ನೋಟುಪುಸ್ತಕದಲ್ಲಿ ಬರೆದೆ: ಮೇಣ ಕಡಿಮೆಯಾಯಿತು,
ಗಡಿಬಿಡಿ ನನ್ನದು.

ಕೇಟಾದಲ್ಲಿ ಈಗ ಹರ್ಮಟಾನ್.
ಮರಳುಗಾಡಿನ ಧೂಳು ಹೊತ್ತ ಗಾಳಿ
ಈಚೆಗಿನ ಸಮುದ್ರವನ್ನೂ ಆಚೆಗಿನ ಹಿನ್ನೀರನ್ನೂ
ಒಂದೇ ಬಣ್ಣಕ್ಕೆ ತಂದಿದೆ.
ತುಟಿ ಬಿರಿಯುತ್ತದೆ, ಬಾಗಿಲ ಹಲಗೆ ಬಿರಿಯುತ್ತದೆ,
ಇಂಥದರಲ್ಲಿ ಸೆಫಾಕೋರಳ ಕೆನ್ನೆ —
ಅದನ್ನು ನಾನು ವರ್ಣಿಸುವುದಿಲ್ಲ.
ವರ್ಣಿಸಿ ವರ್ಣಿಸಿ ಮಾರಿದವಳು ನಾನೇ.

ನಾಲ್ಕು ದಿನಕ್ಕೊಮ್ಮೆ ಸಂತೆ.
ಒಣಮೀನಿನವಳ ಪಕ್ಕದಲ್ಲಿ ನನ್ನ ಜಾಗ.
ಹದಿಮೂರು ವರ್ಷ ಆ ಟ್ಯೂಬುಗಳನ್ನು
ಹಳದಿ ಡಬ್ಬಿ ಸಮೇತ ಗೋಪುರ ಕಟ್ಟಿ ಇಟ್ಟೆ.
"ಮೂರು ದಿನ ಸಾಕು, ಮೊಡವೆ ಮಾಯ" ಅನ್ನುತ್ತಿದ್ದೆ.
ಸುಳ್ಳಲ್ಲ. ಮೂರೇ ದಿನ ಸಾಕಾಗುತ್ತಿತ್ತು.
ಕೇಡಿದ್ದದ್ದು ಅಲ್ಲೇ.

ಸೆಫಾಕೋರ್ ನನ್ನ ಅಕ್ಕನ ಮಗಳು, ಹೊಲಿಗೆ ಕಲಿಯುವ ಹುಡುಗಿ.
ಅವಳಿಗೆ ದುಡ್ಡಿಲ್ಲದೆ ಕೊಟ್ಟೆ, ಒಡಹುಟ್ಟಿದವಳ ಕೂಸು ಅಂತ.
ಎರಡು ವರ್ಷ ಅವಳ ಮುಖ ಗಾಜಿನ ಹಾಗೆ ಹೊಳೆಯಿತು,
ಗಾಜಿನ ಹಾಗೇ ತೆಳುವಾಯಿತು.
ಅಕ್ರಾದ ಚರ್ಮದ ಡಾಕ್ಟರು, ಗಿಡ್ಡನೆಯ ಹೆಂಗಸು, ದೊಡ್ಡ ದನಿ,
ಟ್ಯೂಬನ್ನು ಬೆಳಕಿಗೆ ಹಿಡಿದು ಸಣ್ಣಕ್ಷರ ಓದಿ ಕೇಳಿದಳು:
"ಸ್ಟೀರಾಯ್ಡ್ ಇದು. ಯಾರು ಕೊಟ್ಟದ್ದು?"
ಹುಡುಗಿ ನೆಲ ನೋಡಿದಳು.
ನಾನು ಬಾಗಿಲ ಹತ್ತಿರ, ಚೀಲ ಹಿಡಿದುಕೊಂಡು, ನಿಂತಿದ್ದೆ.

ಬಿಟ್ಟ ಎಂಟನೇ ದಿನಕ್ಕೆ ಮುಖ ತಿರುಗಿಬಿತ್ತು.
ಊದಿ, ಕೀವಾಗಿ, ನೀರು ಸೋಕಿದರೆ ಉರಿ,
ದಿಂಬು ಸೋಕಿದರೆ ಉರಿ,
ಕಣ್ಣೀರಿನ ಉಪ್ಪಿಗಂತೂ ಕೇಳಬೇಡಿ.
ಅಮ್ಮ ಉತ್ತರದ ಕಡೆಯ ಶಿಯಾ ಬೆಣ್ಣೆ ತಂದಳು,
"ನಮ್ಮಜ್ಜಿ ಕಾಲದ್ದು, ಇದಕ್ಕಿಂತ ಮದ್ದುಂಟೆ?"
ವಾರಕ್ಕೆ ಇನ್ನಷ್ಟು ಮೊಡವೆ.
ಒಳ್ಳೆಯದೆಲ್ಲ ಎಲ್ಲರಿಗೂ ಒಗ್ಗುವುದಿಲ್ಲ —
ಇದನ್ನು ಅಮ್ಮನಿಗೆ ತಿಳಿಸುವುದಕ್ಕಿಂತ
ನೀರನ್ನೂ ಎಣ್ಣೆಯನ್ನೂ ಕೂಡಿಸುವುದು ಸುಲಭ.

ಹಾಗೆ ಶುರುವಾಯಿತು, ಅಡುಗೆಮನೆಯಲ್ಲೇ.
ಚಿನ್ನ ತೂಗುವಂಥ ಪುಟ್ಟ ತಕ್ಕಡಿ, ಸಾಲದ್ದು.
ಸುಗಂಧ ಬೇಡ. ನಿಂಬೆ ಬೇಡ. ತೆಂಗಿನೆಣ್ಣೆ,
ಅಯ್ಯೋ, ಅದೂ ಬೇಡ.
ಬೇಡಗಳಿಗೇ ಒಂದು ಪುಟ ತುಂಬಿತು.
ಉಳಿದದ್ದು ಬಟ್ಟಿಯಿಳಿಸಿದ ನೀರು, ನೂರಕ್ಕೆ ನಾಲ್ಕು ಗ್ಲಿಸರಿನ್,
ಜರಡಿ ಹಿಡಿದ ಓಟ್ಸು, ಕಬ್ಬಿನಿಂದ ತೆಗೆದ ತಿಳಿ ಎಣ್ಣೆ,
ಬೂಷ್ಟು ಬಾರದಂತೆ ಕಾಯಲು ಒಂದು ಚಿಟಿಕೆ.
ಪರೀಕ್ಷೆಯ ಕಾಗದ ಐದೂವರೆಯ ಬಣ್ಣಕ್ಕೆ ಬರುವ ತನಕ
ಹನಿ, ಇನ್ನೊಂದು ಹನಿ, ನಿಲ್ಲು.
ಸಣ್ಣ ಉರಿಯಲ್ಲೇ ಬಿಸಿ ಮಾಡಬೇಕು.
ಉರಿ ಅನ್ನುವ ಮಾತು ಬಂದಾಗಲೆಲ್ಲ ನಾನು
ಒಲೆಯ ಕಡೆ ನೋಡುತ್ತೇನೆ, ಅವಳ ಕಡೆ ಅಲ್ಲ.

ಒಂಬತ್ತನೆಯದು ಒಡೆಯಲಿಲ್ಲ.
ಮೊದಲು ನನ್ನ ಕಿವಿಯ ಹಿಂದೆ, ಮೂರು ದಿನ.
ಅದೇ ಮೂರು ದಿನ, ಈ ಸಲ ಕಾಯುವುದಕ್ಕೆ.
ಆಮೇಲೆ ಅವಳ ಕಿವಿಯ ಹಿಂದೆ.
"ಉರಿ?"
"ಇಲ್ಲ."
"ತುರಿಕೆ?"
"ಇಲ್ಲ ಚಿಕ್ಕಮ್ಮ."
"ತಣ್ಣಗೆ?"
"ಅದೂ ಇಲ್ಲ. ಹಚ್ಚಿದ್ದೇ ಗೊತ್ತಾಗಲ್ಲ."
ಹದಿಮೂರು ವರ್ಷದಲ್ಲಿ ಯಾವ ಗಿರಾಕಿಯೂ
ನನ್ನ ಸರಕನ್ನು ಇಷ್ಟು ಹೊಗಳಿರಲಿಲ್ಲ.

ನಿನ್ನೆ ಸಂತೆಯಲ್ಲಿ ಒಬ್ಬಳು ಹಳದಿ ಡಬ್ಬಿ ಕೇಳಿದಳು.
ಇಲ್ಲ ಅಂದೆ. ಬಿಳಿ ಬಾಟಲಿ ತೋರಿಸಿದೆ.
"ಇದು ಏನು ಮಾಡುತ್ತೆ?"
"ಏನೂ ಮಾಡಲ್ಲ."
ನಕ್ಕು ಎದುರಂಗಡಿಗೆ ಹೋದಳು. ಅಲ್ಲಿ ಗೋಪುರ ಇನ್ನೂ ಇದೆ.
ಸೆಫಾಕೋರ್ ನೆರಳಿನಲ್ಲಿ ಕೂತು ಅಂಚು ಹೊಲಿಯುತ್ತಿದ್ದಳು,
ಮುಖಕ್ಕೆ ಸುತ್ತಿದ ಬಟ್ಟೆ ಮೂಗಿನ ತನಕ ಇಳಿದಿತ್ತು.

ಮುಂದಿನ ತಿಂಗಳು ಮತ್ತೆ ಅಕ್ರಾ.
ಡಾಕ್ಟರ ಪ್ರಶ್ನೆ ಅಲ್ಲೇ ಕೂತಿದೆ.
ಈ ಸಲ ಬಾಗಿಲ ಹತ್ತಿರ ನಿಲ್ಲಬಾರದು ಅಂದುಕೊಂಡಿದ್ದೇನೆ.
ಅಲ್ಲಿಯ ತನಕ, ಹತ್ತನೆಯದು:
ಓಟ್ಸು ಇನ್ನೂ ನಯವಾಗಬೇಕು.